ಹತ್ತು ಹಾಳೆಗಳಲ್ಲಿ ನನ್ನದೊಂದು

ನಡುವೆ ಕಪ್ಪುಕುಳಿ ಇಟ್ಟುಕೊಂಡು ಉರಿಯುವ ಒಂದು ಗ್ಯಾಲಕ್ಸಿಯ ಬೆಳಕು ಎರಡು ವರ್ಷಕ್ಕೊಮ್ಮೆ ತಪ್ಪದೆ ಏರಿಳಿಯುತ್ತದೆ ಎಂದು ತೋರಿಸಲು ನಾನು ಪುಣೆಯಲ್ಲಿ ಐದು ವರ್ಷ ಕಳೆದೆ.

ಪ್ರಬಂಧ ಕಳಿಸುವ ಮುಂಚೆ ನಮ್ಮಲ್ಲೊಂದು ಪರೀಕ್ಷೆ ಇದೆ. ಯಾವ ಲಯವೂ ಇಲ್ಲದೆ ಕಂಪ್ಯೂಟರ್ ಗೀಚಿದ ಒಂಬತ್ತು ಸುಳ್ಳು ನಕ್ಷೆಗಳ ಜೊತೆ ಬೆಳಕಿನ ಏರಿಳಿತದ ನಿಜವಾದ ನಕ್ಷೆಯನ್ನು ಬೆರೆಸಿ, ಅದನ್ನು ಹಿಂದೆಂದೂ ನೋಡಿರದವರ ಕೈಗೆ ಕೊಡಬೇಕು; ಅವರು ನಿಜವಾದದ್ದನ್ನು ಆರಿಸಿ ತೆಗೆದರಷ್ಟೇ ಲಯ ಇದೆ ಎಂದು ನಂಬಬಹುದು. ನಾನು ಪಕ್ಕದ ಮೇಜಿನ ಕಲಬುರಗಿಯ ಗೆಳತಿಗೆ ಕೊಟ್ಟೆ.

ಅವಳು ಚಹಾ ಕುಡಿಯುತ್ತಲೇ ಒಂದೊಂದೇ ಹಾಳೆಯನ್ನು ಬದಿಗೆ ಸರಿಸಿ, ಕೊನೆಗುಳಿದದ್ದನ್ನು ಎತ್ತಿ ಹಿಡಿದಳು.

"ಇದ ನೋಡ್ರಿ ನಿಮ್ದು. ಏರಿಳಿತ ಭಾಳ ಚಂದ ಅದ," ಎಂದಳು.

ಅದು ಸುಳ್ಳು ನಕ್ಷೆ. ನನ್ನ ಐದು ವರ್ಷವನ್ನು ಅವಳು ಚಹಾದ ಮೊದಲ ಗುಟುಕಿಗೇ, "ಇದ್ರಾಗ ಏನೂ ಇಲ್ಲ ಬಿಡ್ರಿ," ಎಂದು ಸರಿಸಿಬಿಟ್ಟಿದ್ದಳು.