ಹಿಮಾಲಯಕ್ಕೆ ಹೊರಟ ಪಾಂಡನ್ ಕೇಕು

ವೃತ್ತಿಯಿಂದ ನಿವೃತ್ತನಾದಾಗ ನನಗೆ ಹದಿನೇಳು ವರ್ಷ. ಕಳೆದ ವರ್ಷದ ಜೂನ್ ರಜೆಯಲ್ಲಿ ಸಿಂಗಪುರದ ಒಂದು ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕಿದ್ದೆ. ಟ್ರೆಕ್ಕಿಂಗಿಗೆ ಹೋಗುವವರಿಗೆ ಜಾಕೆಟ್, ಬ್ಯಾಗು, ಕೋಲು ಬಾಡಿಗೆಗೆ ಕೊಡುವ ಅಂಗಡಿ. ನನ್ನ ಹುದ್ದೆ ಅಸಿಸ್ಟೆಂಟ್. ನಾನು ಹೇಳಿಕೊಂಡು ತಿರುಗಿದ್ದು ‘ಹೈ ಆಲ್ಟಿಟ್ಯೂಡ್ ಪ್ಯಾಕಿಂಗ್ ಕನ್ಸಲ್ಟೆಂಟ್’ ಎಂದು. ಜೀವನದಲ್ಲಿ ನಾನು ಏರಿದ ಅತಿ ಎತ್ತರದ ಜಾಗ ವುಡ್‌ಲ್ಯಾಂಡ್ಸಿನ ನಮ್ಮ ಬ್ಲಾಕಿನ ಕೊನೆಯ ಮಹಡಿ, ಅದೂ ಲಿಫ್ಟಿನಲ್ಲಿ. ಪುಣ್ಯಕ್ಕೆ ಗಿರಾಕಿಗಳು ಅದನ್ನು ಕೇಳುತ್ತಿರಲಿಲ್ಲ.

ನಾಲ್ಕು ವಾರಗಳ ನನ್ನ ಸುದೀರ್ಘ ಸೇವೆಯಲ್ಲಿ ತಲೆ ಕೆಡಿಸಿದ ಕೇಸ್ ಒಂದೇ, ಸುಧಾ ಆಂಟಿಯದು. ನಮ್ಮ ಬ್ಲಾಕಿನಲ್ಲೇ ಹನ್ನೊಂದನೇ ಮಹಡಿಯಲ್ಲಿ ಅವರ ಮನೆ, ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಬ್ಯಾಂಕ್ ಕೆಲಸ. ಐವತ್ತು ತುಂಬಿದ ವರ್ಷ ಹಿಮಾಚಲದ ಒಂದು ಪಾಸ್ ದಾಟಬೇಕೆಂದು ಒಬ್ಬರೇ ಹೊರಟಿದ್ದರು. ಪಾಸ್ ಎಂದರೆ ಶಿಖರಗಳ ನಡುವೆ ಆಚೆಗೆ ದಾಟುವ ದಾರಿ. ನಾಲ್ಕು ಸಾವಿರ ಮೀಟರಿಗೂ ಎತ್ತರ; ಸಿಂಗಪುರದ ಅತಿ ದೊಡ್ಡ ಗುಡ್ಡವನ್ನು ಒಂದರ ಮೇಲೊಂದು ಇಪ್ಪತ್ತೈದು ಸಲ ಪೇರಿಸಿದರೆ ಅಲ್ಲಿಗೆ ತಲುಪಬಹುದು.

ಈ ಟ್ರೆಕ್ಕಿನ ನಿಯಮಗಳು ಕಟ್ಟುನಿಟ್ಟು. ದೊಡ್ಡ ಬ್ಯಾಗನ್ನು ಹೇಸರಗತ್ತೆ ಹೊರುತ್ತದೆ, ಅದು ಹತ್ತು ಕೆಜಿ ಮೀರುವಂತಿಲ್ಲ. ಈ ಕಡೆಯಿಂದ ಹತ್ತಿ ಆ ಕಡೆ ಇಳಿಯುವುದರಿಂದ ಸಾಮಾನು ಎಲ್ಲಿಯೂ ಬಿಟ್ಟು ಹೋಗುವಂತಿಲ್ಲ. ಮೊದಲ ಕ್ಯಾಂಪಿನಲ್ಲೇ ಗೈಡ್ ಬ್ಯಾಗು ಬಿಚ್ಚಿ ನೋಡುತ್ತಾನೆ. ಡೌನ್ ಜಾಕೆಟ್, ಅಂದರೆ ಬಾತುಕೋಳಿಯ ಪುಕ್ಕ ತುಂಬಿದ ದಪ್ಪ ಕೋಟು, ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್. ನಾನು ಶನಿವಾರವೇ ಆಂಟಿಯ ಮನೆಗೆ ಹೋಗಿ ಎಲ್ಲವನ್ನೂ ಒಂಬತ್ತೂವರೆ ಕೆಜಿಗೆ ಇಳಿಸಿ ಜಿಪ್ ಎಳೆದಿದ್ದೆ. ಅಂಥ ಬ್ಯಾಗನ್ನು ಮ್ಯೂಸಿಯಮ್ಮಿನಲ್ಲಿ ಇಡಬೇಕಿತ್ತು.

ಹೊರಡುವ ದಿನ ಮಧ್ಯಾಹ್ನ ನಾಗೇಂದ್ರ ಅಂಕಲ್ ಫೋನು. ಅವರು ಸುಧಾ ಆಂಟಿಯ ಯಜಮಾನರು, ಟುವಾಸಿನಲ್ಲಿ ಎಂಜಿನಿಯರ್.

“ಏನೋ ಪ್ಯಾಕ್ ಮಾಡಿದೀಯ? ಜಿಪ್ಪೇ ಹಾಕಕ್ಕಾಗ್ತಿಲ್ಲ.”

ಓಡಿ ಹೋಗಿ ನೋಡಿದರೆ ನನ್ನ ಡೌನ್ ಜಾಕೆಟ್ ಡೈನಿಂಗ್ ಕುರ್ಚಿಯ ಮೇಲೆ ಊಟಕ್ಕೆ ಕರೆದ ನೆಂಟನಂತೆ ಕೂತಿತ್ತು. ಬ್ಯಾಗಿನಲ್ಲಿ ತೆಂಗಿನಹಾಲಿನ ಕಾಯಾ ಜಾಮಿನ ಬಾಟಲಿಗಳು, ಊರಿನ ಮಂಡಿಗಳಿಗೆಲ್ಲ ಸಾಲುವಷ್ಟು ನೋವಿನ ಮುಲಾಮು, ಒಂದು ಮಿಕ್ಸಿ ಜಾರ್. ಎಲ್ಲದರ ಮೇಲೆ ಹಸಿರು ಬಣ್ಣದ ಮೆತ್ತನೆಯ ಪಾಂಡನ್ ಕೇಕು.

“ಅಂಕಲ್, ಇದೆಲ್ಲ ಯಾರದು?”

“ನಮ್ಮ ಕನ್ನಡ ಗ್ರೂಪಲ್ಲಿ ಹಾಕಿದ್ದೆ ಕಣೋ. ಸುಧಾ ಇಂಡಿಯಾಗೆ ಹೋಗ್ತಿದಾಳೆ, ಏನಾದ್ರೂ ಕಳ್ಸೋದಿದ್ರೆ ಕೊಡಿ ಅಂತ. ಬರ್ತಾ ಬೆಂಗಳೂರಿಗೆ ಹೋಗೇ ಬರ್ತಾಳಲ್ಲ.”

“ಬೆಂಗಳೂರು ಟ್ರೆಕ್ ಆದ್ಮೇಲೆ ಅಂಕಲ್. ಇದೆಲ್ಲ ಮೊದ್ಲು ಬೆಟ್ಟ ಹತ್ತತ್ತೆ.”

“ಹತ್ತಲಿ ಬಿಡು. ಹೊರೋದು ಹೇಸರಗತ್ತೆ ತಾನೆ?”

“ಕೇಕು ಕೂಡಾನಾ?”

“ಅಲ್ಲಿ ಊರಿಗೂರೇ ಫ್ರಿಜ್ ಕಣೋ. ಕೆಡಲ್ಲ.”

ಎಂಜಿನಿಯರಿಂಗಿನ ಈ ವಾದವನ್ನು ಕೇಳಿಸಿಕೊಳ್ಳುತ್ತಲೇ ನಾನು ಜಾರ್ ತೆಗೆದು ಜಾಕೆಟ್ ಇಟ್ಟೆ. ಅವರು ಜಾಕೆಟ್ ತೆಗೆದು ಜಾರ್ ಇಟ್ಟರು. ಅಷ್ಟರಲ್ಲಿ ಬೆಲ್ಲಾಯಿತು. ಪಕ್ಕದ ಬ್ಲಾಕಿನ ಪರಿಮಳಾ ಆಂಟಿ, ಕೈಯಲ್ಲಿ ಸ್ಟೀಲಿನ ಇಡ್ಲಿ ಸ್ಟ್ಯಾಂಡು. “ಏನೂ ಭಾರ ಇಲ್ಲ ಸುಧಾ, ಅಕ್ಕನ ಮನೆಗೆ” ಎಂದರು. ಸುಧಾ ಆಂಟಿ ಅಭ್ಯಾಸಬಲದಿಂದ “ಪರ್ವಾಗಿಲ್ಲ ಕೊಡಿ” ಎಂದುಬಿಟ್ಟರು. ನಾನು ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿದೆ.

ಪರಿಮಳಾ ಆಂಟಿ ಹೋದ ಮೇಲೆ ಅಂಕಲ್ ಪರಿಹಾರ ಕಂಡುಹಿಡಿದರು. ಜಾಕೆಟ್, ಸ್ವೆಟರ್, ರೇನ್‌ಕೋಟು, ನೀರು, ಎಲ್ಲವನ್ನೂ ಆಂಟಿ ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗಿಗೆ ತುರುಕಿದರು. “ಇದ್ನ ನೀನ್ ಹೊತ್ಕೊ, ಅದ್ನ ಹೇಸರಗತ್ತೆ ಹೊತ್ಕೊಳ್ಳತ್ತೆ. ಸಿಂಪಲ್.”

ಆಂಟಿ ಆ ಬ್ಯಾಗನ್ನು ಒಮ್ಮೆ ಹಾಕಿಕೊಂಡು, ಇಳಿಸಿ, ಗಂಡನ ಕೈಗೆ ಕೊಟ್ಟರು. “ರೀ, ಸ್ವಲ್ಪ ಕೆಳಗೆ ಬನ್ನಿ. ನೀನೂ ಬಾರೋ.”

ಲಿಫ್ಟಿನಲ್ಲಿ ವಾಯ್ಡ್ ಡೆಕ್ಕಿಗೆ, ಅಂದರೆ ಬ್ಲಾಕಿನ ಕಂಬಗಳ ನಡುವಿನ ಖಾಲಿ ನೆಲಮಹಡಿಗೆ, ಇಳಿದೆವು.

“ಹಾಕ್ಕೊಳ್ಳಿ. ಮನೆವರೆಗೂ ಮೆಟ್ಟಿಲಲ್ಲಿ ಹೋಗೋಣ.”

“ಇದೇನ್ ಮಹಾ” ಎಂದು ಅಂಕಲ್ ಹೊರಟರು. ಮೂರನೇ ಮಹಡಿಯವರೆಗೆ ನನಗೆ ಸರಿಯಾದ ಉಸಿರಾಟದ ಪಾಠ ಮಾಡಿದರು. ಐದರಲ್ಲಿ ಪಾಠ ನಿಂತಿತು. ಏಳರಲ್ಲಿ ಯಾರದೋ ಶೂ ರ‍್ಯಾಕಿನ ಪಕ್ಕ ಕುಸಿದು ಕೂತರು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ಜನವರಿಯಿಂದ ದಿನಾ ಬೆಳಿಗ್ಗೆ ಅಕ್ಕಿ ಚೀಲ ಹೊತ್ತು ಇದೇ ಮೆಟ್ಟಿಲು ಹತ್ತುತ್ತಿದ್ದ ಆಂಟಿಗೆ ಏದುಸಿರೂ ಇರಲಿಲ್ಲ.

“ಯಾಕ್ರೀ ಕೂತ್ರಿ?”

“ಒಂದ್ ನಿಮಿಷ ಕಣೆ. ಉಸಿರು…”

“ಇಲ್ಲಿ ಗಾಳಿ ಪೂರ್ತಿ ಇದೆ ಕಣ್ರೀ. ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ನೀವು ಹೂಂ ಅಂದಿದ್ದೆಲ್ಲ ನಾನ್ ಹೊರ್ಬೇಕಾ?”

ಅಂಕಲ್ ಜೇಬಿನಿಂದ ಫೋನು ತೆಗೆದರು. “ಗ್ರೂಪಲ್ಲಿ ಈಗ ಏನಂತ ಹೇಳ್ಲಿ?”

“ನಾನು ಬೆಟ್ಟಕ್ಕೆ ಹೋಗ್ತಿದೀನಿ ಅಂತ ಹೇಳಿ. ಇಂಡಿಯಾಗೆ ಅಂತ ಹೇಳ್ಬೇಡಿ.”

ಅಂಕಲ್ ಅಲ್ಲೇ ಕೂತು ಮೆಸೇಜು ಬರೆದು, ಅಳಿಸಿ, ಮತ್ತೆ ಬರೆದರು. ಆಂಟಿ ಬ್ಯಾಗು ಹೊತ್ತು ಮೇಲೆ ಹೋದರು. ನಾನು ಕನ್ಸಲ್ಟೆಂಟ್ ಆದ್ದರಿಂದ ಲಿಫ್ಟಿನಲ್ಲಿ ಹೋದೆ. ಸಂಜೆಯೊಳಗೆ ಜಾಕೆಟ್ ಬ್ಯಾಗಿನೊಳಗೆ, ಇಡ್ಲಿ ಸ್ಟ್ಯಾಂಡು ಅಂಕಲ್ ಕೈಯಲ್ಲಿ ಪಕ್ಕದ ಬ್ಲಾಕಿಗೆ. ಕೇಕನ್ನು ವಾಪಸ್ ಪಡೆಯಲು ಕೊಟ್ಟವರು ಒಪ್ಪಲಿಲ್ಲ. ವಿಲೇವಾರಿಯ ಹೊಣೆಯನ್ನು ನಾನೇ ಹೊತ್ತುಕೊಂಡೆ.

ಹತ್ತು ದಿನದ ಮೇಲೆ ಅಂಕಲ್ ನಮ್ಮ ಅಂಗಡಿಯವರೆಗೂ ಬಂದು ಫೋಟೋ ತೋರಿಸಿದರು. ಸುತ್ತ ಹಿಮ, ನಡುವೆ ನಮ್ಮ ಅಂಗಡಿಯ ಕೆಂಪು ಜಾಕೆಟ್, ಅದರೊಳಗಿನಿಂದ ಆಂಟಿಯ ಹಲ್ಲುಗಳು ಮಾತ್ರ ಕಾಣುತ್ತಿದ್ದವು. ಅಂಕಲ್ ಅದನ್ನು ಕೋಲು ಬಾಡಿಗೆಗೆ ಪಡೆಯಲು ಬಂದಿದ್ದ ಅಪರಿಚಿತರಿಗೂ ತೋರಿಸಿ, “ಮೈ ವೈಫ್” ಎಂದರು.

ಈ ಕೆಲಸ ನನಗೆ ಕಲಿಸಿದ್ದಿಷ್ಟು: ಬ್ಯಾಗಿನ ಭಾರ ಹೋಗುವ ಜಾಗದಿಂದ ಬರುವುದಿಲ್ಲ. ಆಮೇಲೆ ಬಂದ ಪ್ರತಿ ಗಿರಾಕಿಗೂ ಎತ್ತರ ಎಷ್ಟು, ಚಳಿ ಎಷ್ಟು ಎಂದು ಕೇಳುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ. ನೀವು ಹೊರಟಿರುವುದು ಇನ್ನೂ ಯಾರ್ಯಾರಿಗೆ ಗೊತ್ತು?