ಗೋಡೆಗೆ ಒರಗಿದ ಸೈಕಲ್

ಎಪ್ಪತ್ತರ ದಶಕದಲ್ಲಿ ಜಗಳೂರಿನ ಬಾಡಿಗೆ ಕೋಣೆಯೊಂದರಲ್ಲಿ ನೌಕರಿಗೆಂದು ಒಬ್ಬನೇ ಇದ್ದೆ. ಎದುರಿನ ಖಾನಾವಳಿಯ ಅಜ್ಜಿ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೋಣೆಯ ಗೋಡೆಗೆ ನನ್ನ ಸೈಕಲ್ ಒರಗಿದ್ದರೆ ನನಗೂ ರೊಟ್ಟಿ ತಟ್ಟಿ ಕಳಿಸುತ್ತಿದ್ದಳು, ಇಲ್ಲದಿದ್ದರೆ ಊರಲ್ಲಿಲ್ಲ ಎಂದುಕೊಳ್ಳುತ್ತಿದ್ದಳು. ಈ ಕಾವಲಿನಿಂದ ನನಗೆ ಕಿರಿಕಿರಿಯಾಗುತ್ತಿತ್ತು.

ಒಮ್ಮೆ ಸೈಕಲ್ಲನ್ನು ರಿಪೇರಿಗೆ ಬಿಟ್ಟು ಬಂದವನು ಜ್ವರ ಬಂದು ಮಲಗಿಬಿಟ್ಟೆ. ಮಧ್ಯಾಹ್ನ ಊಟ ಬರಲಿಲ್ಲ. ಸಂಜೆ ಅಜ್ಜಿಯೇ ಗಂಜಿ ಹಿಡಿದು ಬಂದಳು.

"ಸೈಕಲ್ ಕಾಣ್ಲಿಲ್ಲ, ಊರಿಗೆ ಹೋಗೀರಿ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಬಾಗ್ಲಿಗೆ ಬೀಗಾನೇ ಇಲ್ಲ. ಇನ್ಮೇಲೆ ಬೀಗಾನೂ ನೋಡ್ತೀನಿ ಬಿಡ್ರಿ," ಎಂದಳು.

ಹೊನ್ನಾಳಿಗೆ ವರ್ಗವಾದ ಮೇಲೂ ಸೈಕಲ್ಲನ್ನು ಬೀದಿಗೆ ಕಾಣುವಂತೆಯೇ ನಿಲ್ಲಿಸುತ್ತಿದ್ದೆ. ಒಮ್ಮೆ ಬೇಕೆಂದೇ ಕೆಲವು ದಿನ ಒಳಗಿಟ್ಟು ನೋಡಿದೆ. ನಾನು ಊರಲ್ಲಿದ್ದೇನೋ ಇಲ್ಲವೋ ಎಂದು ಯಾರೂ ಗಮನಿಸಲಿಲ್ಲ.