ಡ್ರೈಯರ್ ಮೈಗೆ ಹರಿದ ಕರೆಂಟು

ಕೆನಡಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಏನು ಮುಟ್ಟಿದರೂ ಶಾಕ್ ಹೊಡೆಯುತ್ತಿತ್ತು. ಬಾಗಿಲ ಹಿಡಿ, ಗಂಡನ ಸ್ವೆಟರ್, ಮಗಳ ಕೆನ್ನೆ. ನಾನು ಕೆಲಸಕ್ಕಿದ್ದ ವೃದ್ಧಾಶ್ರಮದ ಹೆಂಗಸರು ನಕ್ಕರು. ಅದಕ್ಕೆ 'ಸ್ಟ್ಯಾಟಿಕ್' ಅನ್ನುತ್ತಾರಂತೆ. ಗಾಳಿ ತೀರಾ ಒಣಗಿದಾಗ ಮೈಯಲ್ಲೇ ಹುಟ್ಟುವ ಕಿಡಿ. ಸುರಪುರದ ಹತ್ತಿರದ ನಮ್ಮ ದೇವಾಪುರದಲ್ಲಿ ಶಾಕ್ ಹೊಡೆಯಿತೆಂದರೆ ಯಾರಾದರೂ ಓಡಿಹೋಗಿ ಮೇನ್ ಸ್ವಿಚ್ ಇಳಿಸುತ್ತಾರೆ. ಇಲ್ಲಿ ನಗುತ್ತಾರೆ. ನಾನೂ ನಗುವುದನ್ನು ಕಲಿತೆ.

ನಾವಿದ್ದದ್ದು ಬೇಸ್‌ಮೆಂಟ್, ಅಂದರೆ ಒಂದು ಮನೆಯ ನೆಲಮಾಳಿಗೆ. ಮಾಲಕಿ ಮೇಲಿದ್ದಳು. ಕಿಟಕಿ ಅರ್ಧ ಹಿಮದಲ್ಲಿ ಹೂತಿರುತ್ತಿತ್ತು. ಊರಿನ ಬಿಸಿಲಿಗೆ ಹರವಿದ ಸೀರೆ, ಒಂದು ಕೊಡ ನೀರು ತರುವಷ್ಟರಲ್ಲಿ ಆರಿರುತ್ತದೆ. ಇಲ್ಲಿ ಬಟ್ಟೆ ಒಣಗಿಸಲೂ ಯಂತ್ರ, ಡ್ರೈಯರ್. ಅದು ತಿರುಗುವಾಗ ಪುಟ್ಟ ಮಗಳು ಗೌರಿ ಅದರ ತಗಡಿಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಜಾಗ.

ಒಂದು ಮಧ್ಯಾಹ್ನ ಎದ್ದು ಬಂದು, "ಅವ್ವಾ, ಮಷಿನ್ ಕಚ್ಚಾಕತ್ತೈತಿ" ಅಂದಳು.

ಕೈಯಿಟ್ಟೆ. ಜುಮ್ಮೆಂದಿತು. ಸ್ಟ್ಯಾಟಿಕ್ ಆದರೆ ಒಮ್ಮೆ ಚುಟುಕ್ಕೆಂದು ಸುಮ್ಮನಾಗುತ್ತದೆ. ಇದು ಕೈ ಕೀಳುವವರೆಗೂ ಮೊಣಕೈ ತನಕ ಹರಿಯುತ್ತಲೇ ಇತ್ತು. ಗೋಡೆಯ ಪೆಟ್ಟಿಗೆಯಲ್ಲಿ ಅದಕ್ಕೆ ಕರೆಂಟು ಕೊಡುವ ಸ್ವಿಚ್ಚು, ಬ್ರೇಕರ್, ಇಳಿಸಿಬಿಟ್ಟೆ.

ಗಂಡ ಶರಣಪ್ಪ ಲಾರಿ ಡ್ಯೂಟಿ ಮುಗಿಸಿ ಬಂದವರು ಕೇಳಿ ಮುಖ ಸಣ್ಣ ಮಾಡಿದರು.

"ಸ್ಟ್ಯಾಟಿಕ್ ಇರಬೇಕು ಬಿಡು. ಮಾಲಕಿಗೆ ಹೇಳಿದ್ರ, ನೀವಽ ಕೆಡಿಸೀರಿ ಅಂತಾಳ. ಮನಿ ಬಿಡ್ರಿ ಅಂದ್ರ ಈ ಥಂಡ್ಯಾಗ ಕೂಸಿನ್ನ ಕಟ್ಟಿಗೊಂಡು ಎಲ್ಲಿ ಹೋಗೂದು?"

"ಕೂಸಿಗೇ ಏನರ ಆದ್ರ ಮನಿ ತಗೊಂಡು ಏನ್ ಮಾಡೂದ್ರಿ?" ಅಂದೆ. ಅಂದ ಮೇಲೆ ನನ್ನ ಮಾತಿಗೆ ನಾನೇ ಹೆದರಿದೆ.

ಮೇಲೆ ಹೋಗಿ ಬಾಗಿಲು ತಟ್ಟಿದೆ. ಜುಮ್ಮೆನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಬಾಯಿಗೆ ಬರಲಿಲ್ಲ. ಕೈ ನಡುಗಿಸಿ ತೋರಿಸಿದೆ. "ಹೊಸಬರಿಗೆಲ್ಲ ಹೀಗೇ ಅನಿಸುತ್ತದೆ" ಎಂದಳು ಮಾಲಕಿ. ನಾನು ಕದಲಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಬ್ರೇಕರ್ ಎತ್ತುವುದಿಲ್ಲ ಎಂದು ಮುರುಕು ಇಂಗ್ಲಿಷಿನಲ್ಲೇ ಹೇಳಿ ಇಳಿದು ಬಂದೆ.

ಅಲ್ಲಿಯವರೆಗೆ ಒದ್ದೆ ಬಟ್ಟೆ ಹಾಸಿಗೆಯ ಸುತ್ತ ನೇತಾಡಿದವು. ನನ್ನ ಕೆಲಸದ ಸಮವಸ್ತ್ರ ಹಸಿಯಾಗಿಯೇ ಮೈಗೇರುತ್ತಿತ್ತು. ಗಂಡ ಮಾತು ಬಿಟ್ಟಿದ್ದರು.

ಕೊನೆಗೆ ಮಾಲಕಿ ಕರೆಸಿದ ಎಲೆಕ್ಟ್ರಿಷಿಯನ್ ಡ್ರೈಯರಿನ ಹಿಂದಿನ ತಗಡು ಬಿಚ್ಚಿ ನಮ್ಮನ್ನು ಕರೆದ. ಒಳಗೆ ಬಿಸಿಯೇರುವ ಕಾಯಿಲ್ ತುಂಡಾಗಿ ಯಂತ್ರದ ಮೈಗೆ ತಾಗಿತ್ತು. ಹಾಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯಬೇಕಾದ ಅರ್ಥ್ ತಂತಿ ಕಳಚಿಕೊಂಡಿತ್ತು. ಗಂಡ ಗೌರಿಯನ್ನು ಎತ್ತಿಕೊಂಡರು. ಆತ ಹೋದ ಮೇಲೂ ಇಳಿಸಲಿಲ್ಲ. ಮಾಲಕಿ ಹೊಸ ಡ್ರೈಯರ್ ಹಾಕಿಸಿದಳು. ಹಿಮ ಕರಗಿದ ಮೇಲೆ ಬೇರೆ ಮನೆ ನೋಡಿಕೊಳ್ಳಿ ಎಂದೂ ಹೇಳಿದಳು. ನೋಡಿಕೊಂಡೆವು.

ಮರುವರ್ಷ ದೇವಾಪುರಕ್ಕೆ ಹೋದೆವು. ನನ್ನ ಅವ್ವ ಗೌರಿಯ ಅಂಗಿಯನ್ನು ಅಂಗಳದ ತಂತಿಯಿಂದ ತಂದು ತೊಡಿಸಿದಳು. ಬಿಸಿಲಿಗೆ ಅದು ಹಪ್ಪಳದಂತೆ ಸೆಟೆದಿತ್ತು. ಗೌರಿ ಅಳತೊಡಗಿದಳು.

"ಚುಚ್ಚತೈತಿ ಅವ್ವಾ. ನಮ್ಮ ಮನಿಗೆ ಹೋಗೂಣು."

ಅವ್ವ ನನ್ನ ಮುಖ ನೋಡಿದಳು. "ಇದಽ ನಿಮ್ಮ ಮನಿ ಅಂತ ಹೇಳವಾ ಅದಕ್ಕ."

ನಾನು ಅಂಗಿ ಬಿಚ್ಚಿ, ಎರಡೂ ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡುತ್ತ ಕೂತೆ.